ಹೇಳಿಕೊಟ್ಟ ಮಾತು

ಚಿಕ್ಕಪ್ಪನ ಫೋಟೋ ಎಲ್ಲಿ ಅಂಟಿಸಬೇಕು ಎಂಬ ಜಗಳ ಶುರುವಾದದ್ದು ಊಟದ ತಟ್ಟೆಗಳ ನಡುವೆ.

ಫೋಟೋಗಳನ್ನು ಅಂಟಿಸಬೇಕಾಗಿದ್ದ ಹಾಳೆಯನ್ನು ಕೊಟ್ಟು ಕಳಿಸಿದವರು ಭಾನುವಾರದ ತರಗತಿಯ ಟೀಚರ್. ಹಾಳೆಯ ಮೇಲೆ ಒಂದರೊಳಗೊಂದು ಮೂರು ವೃತ್ತ. ಆ ತರಗತಿಗೆ ಹೋಗುತ್ತಿದ್ದವನು ಈ ಮನೆಯ ಮಗ, ಇಪ್ಪತ್ತನಾಲ್ಕು ವರ್ಷದವನು. ಆಟಿಸಂ ಇದೆ ಎಂದು ಡಾಕ್ಟರು ಹೇಳಿದಾಗ ಅವನಿನ್ನೂ ಮಾತೇ ಆಡುತ್ತಿರಲಿಲ್ಲ. ನೀರಿನ ಲೋಟವನ್ನು ಯಾರಾದರೂ ಕೈಗೆ ಕೊಡುವ ತನಕ ಬಾಯಾರಿಕೊಂಡೇ ಕೂತಿರುತ್ತಿದ್ದ ಎಂದು ಅಜ್ಜಿ ಅವನಿಗೆ ದೊರೆ ಎಂದು ಹೆಸರಿಟ್ಟಳು. ಅದೇ ನಿಂತಿತು. ಈಗ ದೊರೆ ಒಂದು ಲಾಂಡ್ರಿಯಲ್ಲಿ ಹೋಟೆಲಿನ ಬೆಡ್‌ಶೀಟುಗಳನ್ನು ಮಡಚುವ ಕೆಲಸ ಮಾಡುತ್ತಿದ್ದ. ಒಬ್ಬನೇ ನಡೆದು ಹೋಗಿ ಒಬ್ಬನೇ ನಡೆದು ಬರುತ್ತಿದ್ದ. ಹೀಗೆ ಒಬ್ಬರೇ ಓಡಾಡುವವರು ಮೋಸ ಹೋಗದಂತೆ, ಯಾರ ಕೈಗೂ ಸಿಕ್ಕಿ ನೋಯದಂತೆ ಇರುವುದನ್ನು ಕಲಿಸಲೆಂದೇ ಆ ತರಗತಿ. ಮನೆಯವರೂ ಹೋಗಿ ಹಿಂದಿನ ಬೆಂಚಿನಲ್ಲಿ ಕೂರಬೇಕಾಗಿತ್ತು.

"ಚಿಕ್ಕಪ್ಪನ್ನ ಎರಡನೇ ವೃತ್ತಕ್ಕೆ ಹಾಕಮ್ಮಾ," ಎಂದಳು ದೊರೆಯ ತಂಗಿ. ಅವಳು ಓದು ಮುಗಿಸಿ ಔಷಧಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. ಫೋಟೋಗಳನ್ನು ಪ್ರಿಂಟ್ ಹಾಕಿಸಿಕೊಂಡು ಬಂದವಳೂ ಅವಳೇ. "ಟೀಚರ್ ಏನ್ ಹೇಳಿದ್ರು? ಇವನು ಏನ್ ಹೇಳಿದ್ರೂ ಕೂತು ಕೇಳೋರು ಮಾತ್ರ ಒಳಗಿನ ವೃತ್ತ ಅಂತ."

ಅಜ್ಜಿ ತುತ್ತನ್ನು ತಟ್ಟೆಗೇ ಬಿಟ್ಟಳು. "ಅಂದ್ರೆ ನನ್ನ ಮಗ ಈ ಮನೆಯವನಲ್ವಾ? ಹಾಲಿನೋನ ಪಕ್ಕ ಅಂಟಿಸ್ತೀಯೇನೇ ಅವನ್ನ?"

"ಹಾಲಿನೋನಾದ್ರೂ ಇವನ ಹತ್ರ ನಿಂತು ಮಾತಾಡ್ತಾನಜ್ಜಿ. ಚಿಕ್ಕಪ್ಪ ಬಂದ್ರೆ, ಲೋ ದೊರೆ, ಬಸ್ ನಂಬರೆಲ್ಲ ಒದರೋ ಅಂತ ಸ್ನೇಹಿತರ ಮುಂದೆ ನಿಲ್ಲಿಸಿ ನಗ್ತಾರೆ."

"ತಮಾಷೆ ಕಣೇ ಅದು. ತಮಾಷೆ ಮಾಡೋಕೂ ಪ್ರೀತಿ ಇರಬೇಕು."

"ಲಾಂಡ್ರಿ ಕೆಲಸ ಕೊಡಿಸಿದ್ದು ಯಾರು?" ತಂದೆ ತಲೆಯೆತ್ತದೆ ಕೇಳಿದ. ಬಸ್ ಡಿಪೋದ ಟೈರ್ ವಿಭಾಗದಲ್ಲಿ ದುಡಿಯುತ್ತಿದ್ದ ಅವನ ಉಗುರುಸಂದಿಯ ಕಪ್ಪು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. "ಅದೇ ಲಾಂಡ್ರಿಯ ವ್ಯಾನ್ ಓಡಿಸ್ತಾನೆ, ಯಜಮಾನಿ ಹತ್ರ ಇವನಿಗೋಸ್ಕರ ಮಾತಾಡಿದಾನೆ. ನಾಳೆ ಮನೆಗೆ ಬಂದು ಈ ಹಾಳೆ ನೋಡಿದ್ರೆ ಏನಂದ್ಕೋತಾನೆ? ಅಂಟಿಸಿ ಆಚೆಗಿಡು, ಅನ್ನ ಆರಿಹೋಗ್ತಿದೆ."

ತಾಯಿಗೆ ಮಗಳ ಮಾತೇ ಸರಿಯೆನಿಸಿತ್ತು. ಆದರೂ ಹೊಲಿಗೆ ಮೆಷಿನ್ನಿನ ಮೇಲೆ ಇನ್ನೂ ಕಾಲರ್ ಕೂರಿಸದ ಸಮವಸ್ತ್ರಗಳ ರಾಶಿ ಬಿದ್ದಿತ್ತು, ಅತ್ತೆಯ ಮುಖ ಊದಿತ್ತು. ಫೋಟೋದ ಬೆನ್ನಿಗೆ ಅಂಟು ಸವರಿ ಒಳಗಿನ ವೃತ್ತದಲ್ಲಿ ಒತ್ತಿದಳು. ದೊರೆ ಬೆರಳಿನಿಂದ ಅದನ್ನು ಕೂದಲೆಳೆಯಷ್ಟು ಜರುಗಿಸಿ ನೆಟ್ಟಗೆ ಮಾಡಿದ.

ಮುಂದಿನ ಭಾನುವಾರ ಟೀಚರ್ ಹಾಳೆಯನ್ನು ನೋಡುತ್ತಾ ಆ ಫೋಟೋದ ಮೇಲೆ ಬೆರಳಿಟ್ಟರು.

"ಇವರು?"

"ಅವನ ಚಿಕ್ಕಪ್ಪ ಮೇಡಂ. ಸ್ವಂತ."

"ಸಂಬಂಧ ಕೇಳ್ತಿಲ್ಲಮ್ಮ. ಇವರ ಹತ್ರ ಅವನು ಧೈರ್ಯವಾಗಿ ಏನ್ ಬೇಕಾದ್ರೂ ಹೇಳ್ಕೋಬಹುದಾ? ಒಂದ್ಸಲ ಇಲ್ಲಿ ಸೇರಿಸಿದ್ರೆ ಅವನು ಅದನ್ನೇ ಹಿಡ್ಕೋತಾನೆ. ನಮ್ಮ ಹಾಗೆ ನೋಡೋಣ ಬಿಡೋಣ ಅನ್ನಲ್ಲ."

ಹಿಂದಿನ ಬೆಂಚಿನ ಉಳಿದ ಹೆಂಗಸರು ತನ್ನತ್ತಲೇ ನೋಡುತ್ತಿದ್ದಾರೆ ಅನಿಸಿ ತಾಯಿಯ ಮುಖ ಬಿಸಿಯಾಯಿತು. "ಇರಲಿ ಮೇಡಂ. ಒಳ್ಳೆಯವರೇ," ಅಂದುಬಿಟ್ಟಳು.

ಆವತ್ತಿನ ಪಾಠ ಗುಟ್ಟಿನದು. ಟೀಚರ್ ಒಂದು ಡಬ್ಬಿಯನ್ನು ದೊರೆಯ ಕೈಗೆ ಕೊಟ್ಟು, ಯಾರಿಗೂ ಹೇಳಬೇಡ ಎಂದು ಪಿಸುಗುಟ್ಟಿದರು. ಆಮೇಲೆ ಜೋರಾಗಿ ಕೇಳಿದರು, "ಈಗೇನ್ ಮಾಡ್ತೀಯಾ?"

"ಹೇಳ್ತೀನಿ."

"ಯಾರಿಗೆ?"

"ಒಳಗಿನ ವೃತ್ತದಲ್ಲಿ ಇರೋರಿಗೆ."

"ಯಾವಾಗ?"

"ಕೂಡಲೇ. ಹತ್ರ ಯಾರಿದಾರೋ ಅವರಿಗೆ."

ಎಲ್ಲರೂ ಚಪ್ಪಾಳೆ ತಟ್ಟಿದರು. ದೊರೆ ಕಿವಿ ಮುಚ್ಚಿಕೊಂಡು ನಕ್ಕ. ಹೋಗುವಾಗ ಟೀಚರ್ ತಾಯಿಗೆ, "ಇವನಿಗಿರೋ ದೊಡ್ಡ ಆಸ್ತಿ ಇದೇ ಕಣಮ್ಮ. ಕೇಳಿದ್ರೆ ಇದ್ದದ್ದು ಇದ್ದ ಹಾಗೆ ಹೇಳ್ತಾನೆ. ಕಾಪಾಡ್ಕೊಳ್ಳಿ," ಎಂದರು.

ಕೆಲವು ವಾರ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ದೊರೆ ತೋಳಿನ ಅಂಚನ್ನು ಕಚ್ಚತೊಡಗಿದ. ಒಂದರ ಹಿಂದೊಂದು ಶರ್ಟಿನ ತೋಳು ಒದ್ದೆಯಾಗಿ, ನೂಲು ಬಿಟ್ಟುಕೊಂಡು ಬರುತ್ತಿತ್ತು. ತಟ್ಟೆಯಲ್ಲಿ ಮೊಟ್ಟೆಯನ್ನೂ ಅನ್ನವನ್ನೂ ಬೇರೆಬೇರೆ ಮಾಡಿ, ಎರಡನ್ನೂ ತಿನ್ನದೆ ಎದ್ದುಬಿಡುತ್ತಿದ್ದ.

"ಏನಾಯ್ತೋ ನಿನಗೆ?" ತಾಯಿ ಕೇಳಿದಳು.

"ಹೇಳಿ ಆಯ್ತು."

"ಏನ್ ಹೇಳಿ ಆಯ್ತು?"

"ಹೇಳಿ ಆಯ್ತು," ಎಂದು ಅವನು ಗೋಡೆ ಕಡೆ ತಿರುಗಿ ಮಲಗಿದ.

"ಹೊಟ್ಟೆ ಕೆಟ್ಟಿರಬೇಕು, ಬಿಡು," ಎಂದಳು ಅಜ್ಜಿ. ತಂಗಿ ಅಂಗಡಿಯಿಂದ ಹೊಟ್ಟೆಯ ಔಷಧಿ ತಂದುಕೊಟ್ಟಳು. ಅವನು ಅದನ್ನೂ ಕುಡಿದ.

ಲಾಂಡ್ರಿಯ ಯಜಮಾನಿ ಫೋನ್ ಮಾಡಿದ್ದು ಅದಾದ ಮೇಲೆ. ತಾಯಿ ಸೂಜಿಯನ್ನು ಎದೆಯ ಸೆರಗಿಗೆ ಚುಚ್ಚಿಕೊಂಡವಳು ಹಾಗೆಯೇ ಓಡಿದಳು. ಲಾಂಡ್ರಿಯ ಒಳಗೆ ಹಬೆ, ಬೋರಿಡುವ ಮೆಷಿನ್ನುಗಳು. ಮಡಚುವ ಮೇಜಿನ ಕೆಳಗೆ ದೊರೆ ಮಂಡಿಗಳ ನಡುವೆ ತಲೆಯಿಟ್ಟು ಕೂತಿದ್ದ. ಬಾಗಿಲಿಗೊರಗಿ ಚಿಕ್ಕಪ್ಪ ವ್ಯಾನಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ.

"ಹೊಸ ಶೀಟುಗಳು ಕಮ್ಮಿ ಬರ್ತಿವೆ ಅಂತ ಹೋಟೆಲಿನವರು ಗಲಾಟೆ ಮಾಡ್ತಿದಾರೆ," ಎಂದಳು ಯಜಮಾನಿ. ದಪ್ಪ ಹೆಂಗಸು, ತೋಳಿನ ತುಂಬ ಇಸ್ತ್ರಿ ಸುಟ್ಟ ಕಲೆ. "ಲೆಕ್ಕದ ಚೀಟಿಯಿಲ್ಲದ ಗಂಟುಗಳನ್ನ ಇವನು ವ್ಯಾನಿಗೆ ಹಾಕೋದನ್ನ ನಮ್ಮ ಹುಡುಗಿ ನೋಡಿದಾಳೆ."

"ಅತ್ತಿಗೆ, ನಾನೇನ್ ಗಂಟು ಬಿಚ್ಚಿ ನೋಡ್ತೀನಾ?" ಎಂದ ಚಿಕ್ಕಪ್ಪ. "ಇವನು ಕೊಡ್ತಾನೆ, ನಾನು ಒಯ್ತೀನಿ. ಏನೋ ಗೊಂದಲ ಮಾಡ್ಕೊಂಡಿದಾನೆ, ಪಾಪ."

ಯಜಮಾನಿ ಅವನತ್ತ ತಿರುಗಲೇ ಇಲ್ಲ. "ನೋಡಮ್ಮಾ, ನಿನ್ನ ಮಗನಿಗೆ ಕದಿಯೋಕೆ ಬರುತ್ತೆ ಅಂತ ನಾನು ನಂಬಲ್ಲ. ಒಂದು ಮಡಿಕೆ ಸೊಟ್ಟ ಬಂದ್ರೆ ಹತ್ತು ಸಲ ಬಿಚ್ಚಿ ಮಡಚ್ತಾನೆ. ಚೀಟಿ ಇಲ್ಲದೆ ಗಂಟು ಕಟ್ಟೋನಲ್ಲ ಇವನು, ಯಾರೋ ಕಟ್ಟಿಸಿದಾರೆ. ಆದ್ರೆ ನನಗೆ ಅವನ ಬಾಯಿಂದಲೇ ಬರಬೇಕು, ಹೋಟೆಲಿನವರಿಗೆ ನಾನು ಉತ್ತರ ಕೊಡಬೇಕಲ್ಲ. ಈ ಭಾನುವಾರ ಮೆಷಿನ್ನು ನಿಲ್ಸಿರ್ತೀನಿ, ಸದ್ದಿರಲ್ಲ. ಆ ಟೀಚರಮ್ಮನ್ನೂ ಕರ್ಕೊಂಡ್ ಬಾ. ಯಾರು ಹೇಳಿದ್ದು ಅಂತ ಹೇಳಿದ್ರೆ ಸೋಮವಾರದಿಂದ ಇವನು ಕೆಲಸಕ್ಕೆ ಬರಲಿ. ಮಾಡಿಸಿದೋನು ಪೊಲೀಸರ ಹತ್ರ ಹೋಗ್ಲಿ."

ಮನೆಗೆ ಬಂದು, ಚಹಾ ಕುಡಿಸಿ, ದೊರೆಯ ಉಸಿರು ತಗ್ಗಿದ ಮೇಲೆ ತಾಯಿ ಕೇಳಿದಳು. ಅವನು ಸಲೀಸಾಗಿ ಹೇಳಿದ. ಚೀಟಿ ಹಾಕದೆ ಗಂಟು ಕಟ್ಟು ಎಂದವರು ಚಿಕ್ಕಪ್ಪ. ಯಾರಿಗೂ ಹೇಳಬೇಡ, ಇದು ನಮ್ಮಿಬ್ಬರ ಗುಟ್ಟು ಎಂದವರೂ ಚಿಕ್ಕಪ್ಪ.

"ಅಯ್ಯೋ, ಅವತ್ತೇ ಯಾಕೆ ಹೇಳಲಿಲ್ಲವೋ? ಕ್ಲಾಸಲ್ಲಿ ಅಷ್ಟು ಚೆನ್ನಾಗಿ ಹೇಳಿದೆಯಲ್ಲಾ!"

"ಅವತ್ತೇ ಹೇಳಿದೆ."

"ಯಾರಿಗೆ?"

"ಚಿಕ್ಕಪ್ಪನಿಗೆ. ಲಾಂಡ್ರಿಯಲ್ಲಿ ಒಳಗಿನ ವೃತ್ತದೋರು ಚಿಕ್ಕಪ್ಪ ಒಬ್ಬರೇ. ಒಬ್ರು ನನಗೆ ಗುಟ್ಟು ಇಟ್ಕೋ ಅಂದಿದಾರೆ ಅಂತ ಹೇಳಿದೆ. ಚಿಕ್ಕಪ್ಪ ನಕ್ಕರು. ಹೇಳಿದೆಯಲ್ಲ, ಆಯ್ತು ಬಿಡು ಅಂದ್ರು."

ತಂಗಿ ಬಾಗಿಲ ಹತ್ತಿರ ಚಪ್ಪಲಿ ಬಿಡುತ್ತಿದ್ದವಳು ಅಲ್ಲೇ ಕೂತಳು. ತಾಯಿ ಗೋಡೆಯ ಮೇಲಿದ್ದ ಹಾಳೆಯನ್ನು ಕಿತ್ತು, ನಾಲ್ಕಾಗಿ ಮಡಚಿ ಒಲೆಯ ಹಿಂದೆ ತುರುಕಿದಳು.

ಸಂಜೆ ಚಿಕ್ಕಪ್ಪ ಬಂದ. ಮೊದಲು ಇಲ್ಲವೇ ಇಲ್ಲ ಎಂದ. ತಂದೆ, "ಅವನಿಗೆ ಸುಳ್ಳು ಬರಲ್ಲ ಕಣೋ," ಎಂದಾಗ ಹೆಗಲು ಹಾರಿಸಿದ. "ಎಲ್ಲ ಕಡೆ ನಡೆಯೋದೇ ಅಣ್ಣಾ. ದೊಡ್ಡ ಹೋಟೆಲು, ನಾಲ್ಕು ಶೀಟಿಗೆ ಬಡವಾಗುತ್ತಾ? ಇವನು ಕೊಟ್ರೆ ಯಾರಿಗೂ ಅನುಮಾನ ಬರಲ್ಲ ಅಂದ್ಕೊಂಡೆ."

"ಅನುಮಾನ ಬಂದ್ರೆ ಇವನ ತಲೆಗೆ ಕಟ್ಬಹುದು ಅಂತಾನೂ ಅಂದ್ಕೊಂಡ್ರಾ ಚಿಕ್ಕಪ್ಪಾ?" ಎಂದಳು ತಂಗಿ.

"ನೀನು ಓದಿದೋಳು. ನಿನ್ನ ಹತ್ರ ನಾನು ಮಾತಾಡೋಕಾಗುತ್ತೇನಮ್ಮಾ?"

"ಅದು ಉತ್ತರ ಅಲ್ಲ."

"ಸಾಕು ಬಾಯಿ ಮುಚ್ಚೇ," ಎಂದು ಅಜ್ಜಿ ಎದ್ದು ಮಗನ ತಲೆ ಸವರಿದಳು. ಆವತ್ತು ಅವಳು ಊಟ ಮಾಡಲಿಲ್ಲ. ಮಾರನೆಯ ದಿನವೂ ಮಾಡಲಿಲ್ಲ. ಸೊಸೆ ತಟ್ಟೆ ತಂದಿಟ್ಟರೆ, "ಜೈಲಲ್ಲಿ ಅವನಿಗೆ ಏನ್ ಹಾಕ್ತಾರೋ ಅದನ್ನೇ ತಿಂತೀನಿ, ತೆಗೆದುಕೊಂಡ್ ಹೋಗು," ಎಂದಳು.

"ಅತ್ತೆ, ದೊರೆಯೂ ನಿಮ್ಮ ಮೊಮ್ಮಗನೇ."

"ಅದಕ್ಕೇ ಹೇಳ್ತಿರೋದು. ಅವನಿಗೆ ಯಾರೂ ಏನೂ ಮಾಡಲ್ಲ. ತಿಳೀದ ಕೂಸು ಅಂತ ಬಿಟ್ಬಿಡ್ತಾರೆ. ನನ್ನ ಮಗನ್ನ ಬಿಡ್ತಾರಾ?"

ತಂದೆಯ ಮಾತೂ ಅಲ್ಲಿಗೇ ಬಂದು ನಿಂತಿತು. ಅಪ್ಪ ಸತ್ತಾಗ ತಮ್ಮನಿನ್ನೂ ಶಾಲೆಗೆ ಹೋಗುವವನು. ತಾನೇ ಎತ್ತಿ ಬೆಳೆಸಿದವನು. "ದೊರೆ ತಾನೇ ಗೊತ್ತಿಲ್ಲದೆ ಹಾಕಿದೆ ಅಂತ ಒಂದು ಮಾತು ಹೇಳಿದ್ರೆ ಎರಡು ಮನೆ ಉಳಿಯುತ್ತೆ," ಎಂದ.

"ಅವನ ಕೆಲಸ ಹೋಗುತ್ತಲ್ಲಾ ಅಪ್ಪಾ."

"ಇನ್ನೊಂದು ಸಿಗುತ್ತೆ."

"ಇವನಿಗಾ? ಎಲ್ಲಿ? ಈ ಒಂದಕ್ಕೆ ಅಮ್ಮ ಎಷ್ಟು ಮನೆ ಮೆಟ್ಟಿಲು ಹತ್ತಿದ್ಲು, ಗೊತ್ತಿಲ್ವಾ?"

"ರೀ, ಅದೊಂದೇ ಅಲ್ಲ," ಎಂದಳು ತಾಯಿ. "ಇಷ್ಟು ವರ್ಷ ಸುಳ್ಳು ಹೇಳ್ದೇ ಇರೋ ಮಗೂಗೆ ನಾನೇ ಸುಳ್ಳು ಕಲಿಸ್ಲಾ?"

"ಹಾಗಾದ್ರೆ ನನ್ನ ತಮ್ಮನ ಕೈಗೆ ಬೇಡಿ ಹಾಕಿಸು. ನೀನೇ ಹಾಕಿಸು."

ಅವಳು ಮೆಷಿನ್ ತುಳಿಯುತ್ತಾ ಹೋದಳು. ಆವತ್ತು ಹೊಲಿದ ಕಾಲರುಗಳೆಲ್ಲ ಸೊಟ್ಟವಾಗಿ, ಮತ್ತೆ ಬಿಚ್ಚಬೇಕಾಯಿತು.

ಶುಕ್ರವಾರ ಚಿಕ್ಕಪ್ಪನ ಹೆಂಡತಿ ಬಂದಳು. ಹಾಲು ಕುಡಿಯುವ ಕೂಸನ್ನು ತಂದು ಓರಗಿತ್ತಿಯ ಮಡಿಲಿಗೆ ಹಾಕಿ, ಗೋಡೆಗೊರಗಿ ಕೂತು ಅತ್ತಳು. ಕೂಸು ಇಂಚುಪಟ್ಟಿಯನ್ನು ಬಾಯಿಗಿಟ್ಟುಕೊಂಡು ಚೀಪಿತು. ಅವರು ಹೋದ ಮೇಲೆ ತಾಯಿ ಮುಖ ತೊಳೆದುಕೊಂಡು ಬಂದು, ಬಿಸ್ಕತ್ತಿನ ಡಬ್ಬಿ ತೆಗೆದು, ದೊರೆಯನ್ನು ಎದುರಿಗೆ ಕೂರಿಸಿಕೊಂಡಳು.

ಅವನಿಗೆ ಕಲಿಸುವುದು ಅವಳಷ್ಟು ಯಾರಿಗೂ ಬರುತ್ತಿರಲಿಲ್ಲ. ಗುಂಡಿ ಹಾಕಿಕೊಳ್ಳುವುದು, ಹಲ್ಲುಜ್ಜುವುದು, ರಸ್ತೆ ದಾಟುವುದು, ಎಲ್ಲವನ್ನೂ ತುಂಡುತುಂಡು ಮಾಡಿ, ಒಂದು ತುಂಡು ಬಂದ ಮೇಲೆ ಇನ್ನೊಂದನ್ನು ಸೇರಿಸಿ ಕಲಿಸಿದ್ದಳು. ಇದನ್ನೂ ಹಾಗೆಯೇ ಶುರುಮಾಡಿದಳು.

"ಹೇಳು ಕಂದಾ. ನಾನೇ ಮಾಡಿದೆ."

"ಚಿಕ್ಕಪ್ಪ ಹೇಳಿದ್ರು, ನಾನು ಮಾಡಿದೆ."

"ಅಲ್ಲ. ಬರೀ, ನಾನೇ ಮಾಡಿದೆ."

"ಅದು ತಪ್ಪು."

"ತಪ್ಪಲ್ಲ. ಅಮ್ಮ ಹೇಳ್ತಿದೀನಲ್ಲ. ಅಮ್ಮ ಯಾವ ವೃತ್ತ?"

ಅವನು ಗೋಡೆಯ ಮೇಲೆ ಹಾಳೆ ಇದ್ದ ಜಾಗವನ್ನು ನೋಡಿದ. "ಒಳಗಿನದು."

"ಹಾಂ. ಹೇಳು."

"ನಾನೇ ಮಾಡಿದೆ."

"ಶಭಾಷ್ ದೊರೆ." ಒಂದು ಬಿಸ್ಕತ್ತು.

ಆಮೇಲೆ 'ಗೊತ್ತಾಗಲಿಲ್ಲ'. ಅದಕ್ಕೊಂದು ಬಿಸ್ಕತ್ತು. ಹೇಳುವಾಗ ತೋಳು ಕಚ್ಚಬಾರದು, ಕೈ ಪಕ್ಕದಲ್ಲಿರಬೇಕು, ಎದುರಿಗಿರುವವರ ಗಲ್ಲ ನೋಡಬೇಕು. ಶನಿವಾರ ಬೆಳಗ್ಗೆ ತಾಯಿಗೆ ಇನ್ನೊಂದು ಹೊಳೆಯಿತು: ಯಾರು ಹೇಳಿಕೊಟ್ಟಿದ್ದು ಎಂದು ಟೀಚರ್ ಕೇಳಿಯೇ ಕೇಳುತ್ತಾರೆ, ಇವನು ಅಮ್ಮ ಎಂದು ಹೇಳಿಯೇ ಹೇಳುತ್ತಾನೆ. ಅದಕ್ಕೂ ಉತ್ತರ ಕಲಿಸಿದಳು. 'ಯಾರೂ ಹೇಳಿಕೊಟ್ಟಿಲ್ಲ.' ಇದು ಬರಲು ಮಧ್ಯಾಹ್ನವಾಯಿತು. ಪ್ರತಿಸಲವೂ ಅವನು, "ನೀನು ಹೇಳಿಕೊಡ್ತಿದೀಯಲ್ಲಮ್ಮಾ?" ಎನ್ನುತ್ತಿದ್ದ. ಹಾಗೆಂದಾಗಲೆಲ್ಲ ಅವಳು ಡಬ್ಬಿಯ ಮುಚ್ಚಳ ಹಾಕಿಬಿಡುತ್ತಿದ್ದಳು.

"ಅಮ್ಮಾ, ನಿಲ್ಸು," ಎಂದಳು ತಂಗಿ. "ನಾನು ಟೀಚರಿಗೆ ಫೋನ್ ಮಾಡಿ ಹೇಳ್ತೀನಿ."

"ಮಾಡು. ಆಮೇಲೆ ನಿಮ್ಮಜ್ಜಿ ಹೆಣಾನೂ ನೀನೇ ಎತ್ತು. ಆ ಕೂಸನ್ನೂ ನೀನೇ ಸಾಕು."

ತಂಗಿ ಫೋನನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು. ಆಮೇಲೆ ಒಳಗೆ ಹೋಗಿ ಪಾತ್ರೆ ತೊಳೆಯತೊಡಗಿದಳು. ಒಂದೊಂದೂ ಸದ್ದು ಮಾಡುವಂತೆ ತೊಳೆದಳು.

ಭಾನುವಾರ ಲಾಂಡ್ರಿಯಲ್ಲಿ ಮೆಷಿನ್ನುಗಳು ನಿಂತಿದ್ದವು. ಯಜಮಾನಿ ಎಲ್ಲರಿಗೂ ಕುರ್ಚಿ ಹಾಕಿಸಿದ್ದಳು. ಟೀಚರ್ ದೊರೆಯ ಪಕ್ಕ, ಅವನಿಗೆ ತಾಗದಷ್ಟು ದೂರದಲ್ಲಿ ಕೂತು, ಮೆಲ್ಲಗೆ ಕೇಳಿದರು, "ಚೀಟಿ ಇಲ್ಲದ ಗಂಟು ಹೇಗಾಯ್ತು, ನಿಧಾನವಾಗಿ ಹೇಳು."

ದೊರೆ ಎದ್ದು ನಿಂತ. ಕೈಗಳನ್ನು ಪಕ್ಕಕ್ಕಿಟ್ಟ. ಟೀಚರ ಗಲ್ಲ ನೋಡಿದ. "ನಾನೇ ಮಾಡಿದೆ. ಗೊತ್ತಾಗಲಿಲ್ಲ."

ಟೀಚರ್ ತಾಯಿಯ ಮುಖ ನೋಡಿದರು. ತಾಯಿ ನೆಲ ನೋಡಿದಳು.

"ಹೀಗೆ ಹೇಳು ಅಂತ ಯಾರಾದ್ರೂ ಹೇಳಿಕೊಟ್ರಾ ದೊರೆ?"

"ಯಾರೂ ಹೇಳಿಕೊಟ್ಟಿಲ್ಲ."

"ನಾನು ಕೋಪ ಮಾಡ್ಕೊಳ್ಳಲ್ಲ. ಯಾರೂ ಮಾಡ್ಕೊಳ್ಳಲ್ಲ."

"ಯಾರೂ ಹೇಳಿಕೊಟ್ಟಿಲ್ಲ."

ಚಿಕ್ಕಪ್ಪ ಕೆಮ್ಮಿದ. "ನಾನು ಹೇಳಲಿಲ್ವಾ ಅಮ್ಮಾವ್ರೇ? ಅವನಿಗೇನ್ ತಿಳಿಯುತ್ತೆ, ಪಾಪ."

ಯಜಮಾನಿ ಎದ್ದು ಮಡಚುವ ಮೇಜಿನ ಹತ್ತಿರ ಹೋದಳು. ದೊರೆ ಕೊನೆಯ ದಿನ ಮಡಚಿಟ್ಟ ಶೀಟುಗಳು ಇನ್ನೂ ಅಲ್ಲೇ ಇದ್ದವು. ಅವುಗಳ ಮೇಲೆ ಒಂದು ಗಳಿಗೆ ಕೈಯಿಟ್ಟಳು. "ಹೋಟೆಲಿನವರಿಗೆ ಇದನ್ನೇ ಹೇಳಬೇಕು ನಾನು. ಇವನೇ ಮಾಡಿದ ಅಂದ್ಮೇಲೆ ಇವನನ್ನ ಇಟ್ಕೊಳ್ಳೋಕೆ ಬಿಡಲ್ಲ ಅವರು. ಪೊಲೀಸು ಬೇಡ, ಹೋಗ್ಲಿ. ಕರ್ಕೊಂಡ್ ಹೋಗಿ."

ಹೊರಗೆ ಟೀಚರ್ ತಾಯಿಯನ್ನು ತಡೆದರು. "ಹೊರಗಿನೋರು ಕೆಡಿಸದ ಹಾಗೆ ಕಾಯೋದು ಹೇಗೆ ಅಂತ ನಾನು ಕಲಿಸ್ತಿದ್ದೆ. ಇದಕ್ಕೆ ನನ್ನ ಹತ್ರ ಪಾಠ ಇಲ್ಲಮ್ಮ."

"ನಿಮ್ಮನೇಲಿ ಅತ್ತೆ ಇದಾರಾ ಮೇಡಂ? ಮೈದುನ ಇದಾನಾ?" ಎಂದು ಕೇಳಿದಳು ತಾಯಿ. ಉತ್ತರಕ್ಕೆ ಕಾಯದೆ ಮಗನ ಕೈ ಹಿಡಿದು ನಡೆದುಬಿಟ್ಟಳು.

ಆವತ್ತು ಅಜ್ಜಿ ಎರಡು ಸಲ ಅನ್ನ ಹಾಕಿಸಿಕೊಂಡಳು.

ಸೋಮವಾರ ದೊರೆ ಎಂದಿನಂತೆ ಸ್ನಾನ ಮಾಡಿ, ತಲೆ ಬಾಚಿ, ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ. "ಕೆಲಸ ಇಲ್ಲ ಕಣೋ," ಎಂದಳು ತಾಯಿ. "ಸೋಮವಾರ ಇದೆ," ಎಂದ. ಮಂಗಳವಾರವೂ ನಿಂತ. ಅವನ ಪಾಡಿಗೆ ಅವನು ಹೋಗಿಬಿಟ್ಟರೆ ಎಂದು ತಂದೆ ಮೇಲಿನ ಚಿಲಕಕ್ಕೊಂದು ಬೀಗ ತಂದು ಹಾಕಿದ. ಭಾನುವಾರದ ತರಗತಿಗೆ ಹೋಗುವ ಮಾತನ್ನು ಯಾರೂ ಎತ್ತಲಿಲ್ಲ. ಚಿಕ್ಕಪ್ಪ ಒಮ್ಮೆ ಹಣ್ಣು ತಂದುಕೊಟ್ಟು, "ಏನ್ ದೊರೆ, ಆರಾಮಾ? ಬಸ್ ನಂಬರ್ ಹೇಳೋ," ಎಂದ. ತಂಗಿ ಹಣ್ಣಿನ ಚೀಲವನ್ನು ಅವನ ವ್ಯಾನಿನ ಸೀಟಿನ ಮೇಲೆ ವಾಪಸಿಟ್ಟು ಬಂದಳು. ಅದಕ್ಕೆ ಅಜ್ಜಿ ಅವಳ ಜೊತೆ ಮಾತು ಬಿಟ್ಟಳು.

ಇಡೀ ದಿನ ಬೀಗ ಅಲುಗಾಡಿಸುವ ಸದ್ದು ಕೇಳಿ ಕೇಳಿ ಸಾಕಾಗಿ, ತಂದೆ ಮಗನನ್ನು ತನ್ನ ಜೊತೆ ಡಿಪೋಗೆ ಕರೆದುಕೊಂಡು ಹೋಗತೊಡಗಿದ. ನಿಂತ ಬಸ್ಸುಗಳ ಸೀಟು ಒರೆಸುವ ಕೆಲಸ. ಗುಡಿಸುವ ಗುತ್ತಿಗೆಯವರ ಜೊತೆ ಬಿಟ್ಟರೆ ಅವನ ಪಾಡಿಗೆ ಅವನು ಒರೆಸುತ್ತಾ ಹೋಗುತ್ತಾನೆ, ಯಾವ ತಕರಾರೂ ಇಲ್ಲ ಎಂದ ತಂದೆ. "ನೋಡಿದ್ರಾ? ಕೆಲಸ ಸಿಗಲ್ಲ ಅಂದ್ರಿ."

ಒಂದು ಸಂಜೆ ದೊರೆ ಬಂದು ಶರ್ಟು ಬಿಚ್ಚಿಕೊಟ್ಟಾಗ ತಾಯಿಗೆ ಮೊದಲು ಕಂಡದ್ದು ಗುಂಡಿ. ನೂಲು ಸವೆದು ಬಿದ್ದ ಗುಂಡಿಯಲ್ಲ. ಬಟ್ಟೆಯ ಚೂರಿನ ಸಮೇತ ಕಿತ್ತುಬಂದಿತ್ತು. ಯಾರೋ ಹಿಡಿದು ಜಗ್ಗದೆ ಹಾಗಾಗುವುದಿಲ್ಲ. ಅವಳು ಅವನನ್ನು ಬೆಳಕಿಗೆ ತಿರುಗಿಸಿದಳು. ಎಡತೋಳಿನ ಮೇಲೆ ಬೆರಳುಗಳ ಗುರುತು ಕೆಂಪಗೆ ಮೂಡಿತ್ತು. ಕತ್ತಿನ ಕೆಳಗೆ ಪರಚಿದ ಗೆರೆ.

"ಇದೇನೋ ಇದು?"

ದೊರೆ ಅವಳ ಕೈಯಲ್ಲಿದ್ದ ಶರ್ಟನ್ನು ತೆಗೆದುಕೊಂಡು ಮಡಚತೊಡಗಿದ.

"ರೀ, ಇಲ್ಲಿ ಬನ್ನಿ. ಇದೇನು?"

ತಂದೆ ಹತ್ತಿರ ಬಂದು ನೋಡಿದ. ಅವನ ಮುಖದ ಬಣ್ಣ ಇಳಿಯಿತು. "ನಾನು ಟೈರ್ ಹತ್ರ ಇರ್ತೀನಿ. ಅವನು ಬಸ್ಸಿನೊಳಗೆ. ನನಗೇನ್ ಗೊತ್ತು?"

"ಒಳಗೆ ಇವನ ಜೊತೆ ಯಾರಿರ್ತಾರೆ?"

"ಗುತ್ತಿಗೆಯವರು ನಾಲ್ಕೈದು ಜನ. ದಿನಾ ಒಬ್ಬೊಬ್ರು ಬರ್ತಾರೆ. ಯಾರು ಅಂತ ಹೇಳಲಿ?"

ತಂಗಿ ಬಂದು ಬಾಗಿಲಲ್ಲಿ ನಿಂತಳು. ತಾಯಿ ನೆಲದ ಮೇಲೆ ಮಂಡಿಯೂರಿ ಮಗನ ಎರಡೂ ಕೈ ಹಿಡಿದುಕೊಂಡಳು. "ಕಂದಾ, ಯಾರು ಮಾಡಿದ್ದು ಇದನ್ನ?"

ದೊರೆ ಮೆಲ್ಲಗೆ ಕೈ ಬಿಡಿಸಿಕೊಂಡ. ಎರಡನ್ನೂ ಪಕ್ಕಕ್ಕಿಟ್ಟು ನೆಟ್ಟಗೆ ನಿಂತ. ಅವಳ ಗಲ್ಲವನ್ನು ನೋಡಿದ.

"ನಾನೇ ಮಾಡಿದೆ. ಗೊತ್ತಾಗಲಿಲ್ಲ."

"ಅದು ಬೇಡ ಕಂದಾ. ಅದನ್ನ ಮರೆತುಬಿಡು. ಅದು ಅವತ್ತಿಗೆ ಮಾತ್ರ. ಇದು ಅಮ್ಮ ಕೇಳ್ತಿರೋದು. ಬಸ್ಸಲ್ಲಿ ಯಾರಿದ್ರು? ನಿನ್ನ ಯಾರು ಹಿಡ್ಕೊಂಡ್ರು?"

"ಯಾರೂ ಇಲ್ಲ."

"ಹೀಗೆ ಹೇಳು ಅಂತ ಅವರು ಹೇಳಿದ್ರಾ? ಯಾರಾದ್ರೂ ಹೇಳಿಕೊಟ್ರಾ?"

"ಯಾರೂ ಹೇಳಿಕೊಟ್ಟಿಲ್ಲ."

ಒಂದಕ್ಷರ ತಪ್ಪಲಿಲ್ಲ. ತೋಳು ಕಚ್ಚಲಿಲ್ಲ. ತಾಯಿ ಮತ್ತೆ ಕೇಳಿದಳು, ಗದರಿ ಕೇಳಿದಳು, ಅತ್ತು ಕೇಳಿದಳು. ಅಷ್ಟೂ ಸಲ ಅವನು ಅದೇ ಮಾತನ್ನು ಅದೇ ದನಿಯಲ್ಲಿ ಹೇಳಿದ. ಕೊನೆಗೆ ಅವಳು ಕೇಳುವುದನ್ನು ನಿಲ್ಲಿಸಿದಾಗ, ಪಾಠ ಮುಗಿಯಿತೆಂದು ಅವನಿಗನಿಸಿರಬೇಕು.

"ಸರಿಯಾಗಿ ಹೇಳಿದ್ನಾ ಅಮ್ಮಾ?" ಎಂದು ಕೇಳಿ, ಬಿಸ್ಕತ್ತಿಗೆ ಅಂಗೈ ಚಾಚಿ ನಿಂತ.